ಶ್ರವಣಕುಮಾರ ಅನ್ನಬೇಡಿ, ವಾರಕ್ಕೆ ನಾಲ್ಕು ಗಂಟೆ ಕೊಡಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ.

ಪ್ರತಿ: ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಹಾಗೂ ನಮ್ಮ ನೆಂಟರಿಷ್ಟರು.

ವಿಷಯ: ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯದ ಬಗ್ಗೆ.

ಮಾನ್ಯರೇ,

ನಾನು ಶರಾವತಿ ಹಿನ್ನೀರಿನ ಕಡೆಯ ಒಬ್ಬ ಅಡಿಕೆ ಬೆಳೆಗಾರ. ಎರಡು ಎಕರೆ ತೋಟ, ಒಂದಿಷ್ಟು ಗದ್ದೆ. ವಯಸ್ಸು 48. ಮದುವೆಯಾಗಿಲ್ಲ. ಯಾಕೆ ಅಂತ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗನಿಗೆ ಹೆಣ್ಣು ಕೊಡುವವರು ನಮ್ಮ ಕಾಲಕ್ಕೇ ಕಡಿಮೆಯಾಗಿದ್ದರು. ತಂಗಿ ಬೆಂಗಳೂರಿನಲ್ಲಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಅಮ್ಮನಿಗೆ 78. ಐದು ವರ್ಷದಿಂದ ಮರೆವಿನ ಕಾಯಿಲೆ.

ಅಮ್ಮನ ಔಷಧಿಗೆ ಸಹಾಯ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅವಳ ಮಾತ್ರೆ ಹೇಗೋ ನಡೆಯುತ್ತಿದೆ. ನನ್ನ ಬಗ್ಗೆ ಮತ್ತು ನನ್ನಂಥವರ ಬಗ್ಗೆ ಬರೆಯುತ್ತಿದ್ದೇನೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಹಿಡಿದವರನ್ನು ಬಿಟ್ಟು ಪಕ್ಕದಲ್ಲಿ ಕೂತವನು ‘ನನಗೆ ಕಷ್ಟ’ ಅಂದರೆ ನಮ್ಮ ಕಡೆ ಜನ ಒಂಥರಾ ನೋಡುತ್ತಾರೆ.

ಮೊದಲ ಎರಡು ವರ್ಷ ಹಾಳಾಗಿದ್ದು ಒಂದು ಗಾದೆಯಿಂದ. ಅರವತ್ತಕ್ಕೆ ಅರಳು ಮರಳು. ಅಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು, ಅರಳು ಮರಳು. ಖಾರದ ಪುಡಿ ಡಬ್ಬಿ ಬಚ್ಚಲುಮನೆಯಲ್ಲಿ ಸಿಕ್ಕಿತು, ಅರಳು ಮರಳು. ನಮ್ಮ ಮನೆಗೆ ಹನ್ನೆರಡು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಒಂದು ದಿನ ಅಂಗಳದಲ್ಲಿ ನಿಲ್ಲಿಸಿ ‘ನನ್ನ ಗುಂಡಿನ ಸರ ಕದ್ದೆ’ ಅಂದಳು. ಸರ ಅಕ್ಕಿ ಡಬ್ಬಿಯಲ್ಲಿತ್ತು. ಆಕೆ ಮಾತಾಡದೆ ಹೋದವಳು ಮತ್ತೆ ಬರಲಿಲ್ಲ. ನಾನು ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ನಿಮ್ಮ ತಪ್ಪಲ್ಲ ಬಿಡಿ’ ಅಂದಳು, ಆದರೂ ಬರಲಿಲ್ಲ. ಅವಳದ್ದೂ ತಪ್ಪಲ್ಲ. ಆಮೇಲೆ ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರು ಥೈರಾಯ್ಡ್, ಬಿ12 ನೋಡಿಸಿದರು. ಅವು ಕಡಿಮೆಯಾದರೂ ಮರೆವು ಬರುತ್ತದಂತೆ, ಅದಾದರೆ ಸರಿ ಮಾಡಬಹುದಂತೆ. ಅವೆರಡೂ ಸರಿ ಇದ್ದವು. ತಲೆ ಸ್ಕ್ಯಾನ್ ಆಯಿತು. ಕೊನೆಗೆ ಅಲ್ಜೈಮರ್ಸ್ ಅಂದರು. ಕದ್ದರು ಅಂತ ಹತ್ತಿರದವರ ಮೇಲೆ ಅನುಮಾನ ಪಡುವುದು ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ ಅಂತ ಅವತ್ತು ಗೊತ್ತಾಯಿತು. ಎರಡು ವರ್ಷ ಮೊದಲೇ ಗೊತ್ತಿದ್ದರೆ ಆ ಕೆಲಸದಾಕೆ ಇವತ್ತೂ ನಮ್ಮ ಮನೆಗೆ ಬರುತ್ತಿದ್ದಳು.

ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು ಏಳು ಮಂದಿಗೆ ಡಿಮೆನ್ಶಿಯಾ, ಅಂದರೆ ಅಮ್ಮನಿಗಿರುವಂಥ ಮರೆವಿನ ಕಾಯಿಲೆ, ಇದೆ, ಒಟ್ಟು ಸುಮಾರು 88 ಲಕ್ಷ ಜನ ಅಂತ 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಒಬ್ಬೊಬ್ಬರ ಹಿಂದೆಯೂ ಒಬ್ಬರಾದರೂ ಎಚ್ಚರ ಕೂತಿರುತ್ತಾರೆ ಅಲ್ವಾ? ಆ ಕೂತವರನ್ನು ಯಾವ ರಿಜಿಸ್ಟರಿನಲ್ಲಿ ಬರೆದಿದ್ದಾರೆ ಅನ್ನುವುದೇ ನನ್ನ ಪ್ರಶ್ನೆ.

ನಮ್ಮ ಮನೆಯ ಕಷ್ಟ ಶುರುವಾಗುವುದು ದೀಪ ಹಚ್ಚುವ ಹೊತ್ತಿಗೆ. ಬೆಳಗ್ಗೆ ಅಮ್ಮ ಸುಮಾರಾಗಿ ಇರುತ್ತಾಳೆ. ದೋಸೆ ತಿನ್ನುತ್ತಾಳೆ, ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಾಳೆ. ಬೆರಳು ಇನ್ನೂ ಮರೆತಿಲ್ಲ. ಆರು ಗಂಟೆಯಾಗುತ್ತಿದ್ದಂತೆ ಮುಖ ಬದಲಾಗುತ್ತದೆ. ಒಂದು ಟವೆಲ್ಲಿನಲ್ಲಿ ಒಂದು ರವಿಕೆ, ಬಾಚಣಿಗೆ, ಎರಡು ವೀಳ್ಯದೆಲೆ ಇಟ್ಟು ಗಂಟು ಕಟ್ಟುತ್ತಾಳೆ. ಅಂಗಳ ಇಳಿದು ಉಣಗೋಲಿನ, ಅಂದರೆ ಅಡ್ಡಗಳದ ಗೇಟಿನ, ಹತ್ತಿರ ಹೋಗಿ ಒಂದೊಂದೇ ಗಳ ಸರಿಸುತ್ತಾಳೆ. ‘ಅಣ್ಣಯ್ಯ, ಗಾಡಿ ಕಟ್ಟೋಕೆ ಹೇಳು. ಕತ್ತಲೆಯಾಗ್ತು. ಅಪ್ಪಯ್ಯ ಕಾಯ್ತಿರ್ತಾನೆ.’

ಅಣ್ಣಯ್ಯ ಅಂದರೆ ನಾನು. ಅವಳ ಅಣ್ಣ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಅವಳ ತವರುಮನೆ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟೆ ಮುಗಿಯಿತು, ಅವಳು ಆಗ ಲಂಗ ದಾವಣಿಯ ಹುಡುಗಿ. ಹೋಗುವುದಾದರೂ ಎಲ್ಲಿಗೆ? ಮೊದಮೊದಲು ನಾನು ‘ಆ ಮನೆ ಮುಳುಗಿ ಹೋಯ್ತಲ್ಲಮ್ಮ’ ಅನ್ನುತ್ತಿದ್ದೆ. ಅವತ್ತೇ ಮುಳುಗಿದ ಹಾಗೆ ಅಳುತ್ತಿದ್ದಳು. ಮಾರನೆಯ ಸಂಜೆ ಮತ್ತೆ ಕೇಳುತ್ತಿದ್ದಳು, ಮತ್ತೆ ಹೇಳಿದರೆ ಮತ್ತೆ ಹೊಸದಾಗಿ ಅಳು. ಈಗ ‘ಗಾಡಿ ನಾಳೆ ಬರುತ್ತೆ, ಎತ್ತಿಗೆ ಕಾಲು ನೋವು’ ಅನ್ನುತ್ತೇನೆ. ಎತ್ತಿನ ಕಾಲು ಮೂರು ವರ್ಷದಿಂದ ನೋಯುತ್ತಿದೆ. ಸಂಜೆ ಹೊತ್ತಿಗೆ ಚಡಪಡಿಕೆ ಜಾಸ್ತಿಯಾಗುವುದು ಈ ಕಾಯಿಲೆಯ ಲಕ್ಷಣ, ವಾದ ಮಾಡಬೇಡಿ, ಮಾತು ಬದಲಿಸಿ ಅಂತ ಡಾಕ್ಟರು ಹೇಳಿದ್ದರು. ನಿಜ. ಆದರೆ ಒಂದು ವರ್ಷಕ್ಕೆ 365 ಸಂಜೆ ಇರುತ್ತವೆ ಅಂತ ಅವರೂ ಹೇಳಲಿಲ್ಲ, ನಾನೂ ಎಣಿಸಿರಲಿಲ್ಲ.

ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ತಂಗಿಗೂ ಇಲ್ಲ.

ಹೋದ ವರ್ಷ ಕೊಯ್ಲಿನ ಸಮಯ. ಕೆಂಪಡಿಕೆ ಮಾಡುವವರಿಗೆ ಗೊತ್ತು, ಗೊನೆ ಇಳಿಸಿದ ಮೇಲೆ ಅಡಿಕೆ ಕಾಯುವುದಿಲ್ಲ. ಸುಲಿಸಬೇಕು, ಹಂಡೆಗೆ ಹಾಕಿ ಬೇಯಿಸಬೇಕು, ಬೇಯಿಸಿದ ಕೆಂಪು ನೀರು, ಚೊಗರು, ನೋಡಿಕೊಳ್ಳಬೇಕು, ಬೆಳಗಾದರೆ ಅಟ್ಟಕ್ಕೆ ಹಾಕಿ ಹರಡಬೇಕು. ಅವತ್ತು ಒಲೆ ಆರಿಸಿ ಮಲಗುವಾಗ ರಾತ್ರಿ ಹನ್ನೆರಡು. ಒಂದು ಗಂಟೆಗೆ ಅಮ್ಮ ಎದ್ದಳು, ದನ ಕಟ್ಟಿಲ್ಲ ಅಂತ. ನಮ್ಮಲ್ಲಿ ದನವೇ ಇಲ್ಲ, ನೋಡಿಕೊಳ್ಳಲಾಗದೆ ಕೊಟ್ಟುಬಿಟ್ಟಿದ್ದೇನೆ. ಮಲಗಿಸಿದೆ. ಎರಡು ಗಂಟೆಗೆ ಮತ್ತೆ ದನ. ಮೂರು ಗಂಟೆಗೆ ಬಾಗಿಲ ಚಿಲಕದ ಸದ್ದು. ಎದ್ದು ಹೋದವನು ಅವಳ ತೋಳು ಹಿಡಿದು ಎಳೆದುಕೊಂಡು ಬಂದು ಮಂಚದ ಮೇಲೆ ದೂಡಿದೆ. ಏನೇನೋ ಕೂಗಿದೆ. ಯಾವ ಮಾತು ಅಂತ ಇಲ್ಲಿ ಬರೆಯುವುದಿಲ್ಲ. ಅವಳು ಕೈ ಮುಗಿದಳು. ‘ಹೊಡಿಬೇಡ್ರೋ, ನಾನು ಮನೆಗೆ ಹೋಗ್ತೆ’ ಅಂದಳು. ಯಾರೋ ಬೇರೆಯವರಿಗೆ ಅನ್ನುವ ಹಾಗೆ.

ಬೆಳಗ್ಗೆ ಸ್ನಾನ ಮಾಡಿಸುವಾಗ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಯಾಗಿ ಎದ್ದಿತ್ತು. ಅವಳೇ ನೋಡಿ ಕೇಳಿದಳು, ‘ಇದೆಂತ ಆಗಿದ್ದು?’ ನಾನು ‘ನೀನು ಬಿದ್ದಿದ್ದೆ ಅಮ್ಮ’ ಅಂದೆ. ‘ಹೌದಾ’ ಅಂತ ಸುಮ್ಮನಾದಳು. ಬೆನ್ನಿಗೆ ನೀರು ಹಾಕುತ್ತಾ ನಿಂತೆ. ನೀರು ಮುಗಿದಿದ್ದೂ ಗೊತ್ತಾಗಲಿಲ್ಲ.

ಅದೇ ದಿನ ಮಧ್ಯಾಹ್ನ ನೆಂಟರೊಬ್ಬರು ಬಂದರು. ಕಾಫಿ ಕುಡಿದು, ಅಮ್ಮನನ್ನು ‘ನಾನು ಯಾರು ಹೇಳು ನೋಡೋಣ’ ಅಂತ ಪರೀಕ್ಷೆ ಮಾಡಿ, ಹೊರಡುವಾಗ ನನ್ನ ಬೆನ್ನು ತಟ್ಟಿ ಅಂದರು: ‘ನೀನು ಶ್ರವಣಕುಮಾರ ಕಣೋ. ಎಲ್ಲರಿಗೂ ಇಂಥ ಮಗ ಹುಟ್ಟಬೇಕು.’ ಅಮ್ಮ ಪಕ್ಕದಲ್ಲೇ ಇದ್ದಳು. ನಾನು ಬೇಕೆಂತಲೇ ಉದ್ದ ತೋಳಿನ ರವಿಕೆ ಹಾಕಿಸಿದ್ದೆ.

ಮಾನ್ಯರೇ, ಆ ಹೊಗಳಿಕೆ ಕೇಳಿದ ಮೇಲೆ ನಾನು ಯಾರ ಹತ್ತಿರ ಹೋಗಿ ‘ನನ್ನ ಕೈಲಿ ಆಗುತ್ತಿಲ್ಲ’ ಅನ್ನಲಿ? ಹೊಗಳಿ ಬಾಯಿ ಮುಚ್ಚಿಸುವುದು ಅಂದರೆ ಇದೇ. ಇನ್ನೂ ಒಂದು ವಿಷಯ ಅವತ್ತಿನಿಂದ ತಲೆಯಲ್ಲಿ ಸುತ್ತುತ್ತಿದೆ. ಕಥೆಯ ಶ್ರವಣಕುಮಾರ ಕೂಡ ನೀರು ತರಲು ಹೋಗುವಾಗ ತಂದೆತಾಯಿಯ ಕಾವಡಿಯನ್ನು ಒಂದು ಮರದ ಕೆಳಗೆ ಇಳಿಸಿ ಹೋಗಿದ್ದ. ನಮಗೆ ಇಳಿಸುವ ಮರ ಇಲ್ಲ.

ಗಂಡಸಾದ್ದರಿಂದ ನನಗೆ ಶ್ರವಣಕುಮಾರ ಅನ್ನುವ ಬಿರುದಾದರೂ ಸಿಕ್ಕಿತು. ನಮ್ಮ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ಒಬ್ಬರು ಅಕ್ಕ ಇದ್ದಾರೆ. ಲಕ್ವ ಹೊಡೆದ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದ ಹಾಗೆ ಒರೆಸುವುದು, ಬಟ್ಟೆ, ಬೆಡ್‌ಪ್ಯಾನ್, ನಡುವೆ ಆಳುಗಳಿಗೆ ಊಟ. ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಸೊಸೆ ತಾನೇ, ಮಾಡಬೇಕು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯವರ ಆರೈಕೆ ಮಾಡುವ ಹೆಂಗಸರು ದಿನಕ್ಕೆ 134 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 76 ನಿಮಿಷ ಅಂತ ಬಂದಿತ್ತು. ಇದರಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಸೇರಿದೆ. ಅಡುಗೆ, ಕಸ, ಪಾತ್ರೆಯ ಲೆಕ್ಕ ಬೇರೆ: ಹೆಂಗಸರು 299 ನಿಮಿಷ, ಗಂಡಸರು 97. ಆ ಅಕ್ಕನಿಗೆ ಓದಿ ಹೇಳಿದೆ. ‘134 ನಿಮಿಷವಾ? ನನ್ನ ಮನೆಗೆ ಬಂದು ಕೇಳಿಲ್ಲ ಬಿಡಿ’ ಅಂದರು. ಅವರಿಗೆ ಬಿಪಿ ಬಂದಿದೆ. ಅತ್ತೆಯ ಬಿಪಿ ಪ್ರತಿ ತಿಂಗಳು ನೋಡಿಸುತ್ತಾರೆ, ಅವರದ್ದನ್ನು ನೋಡಿಸಿ ಎಂಟು ತಿಂಗಳಾಯಿತು.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. 2022ರ ಅಕ್ಟೋಬರಿನಲ್ಲಿ ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ನೆರವು ಕೊಡುವ ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾನು ಮಾಡಿದ್ದೇನೆ. ಒಂದು ರಾತ್ರಿ ‘ಇಬ್ಬರೂ ಒಟ್ಟಿಗೆ ಹೋಗಿಬಿಟ್ಟರೆ’ ಅನ್ನುವ ಯೋಚನೆ ಬಂತು. ಬಂದಿದ್ದಕ್ಕಿಂತ, ಬಂದು ಸ್ವಲ್ಪ ಹೊತ್ತು ನಿಂತಿತು ಅನ್ನುವುದಕ್ಕೆ ಹೆದರಿಕೆಯಾಯಿತು. ಬೆಳಗಾದ ಮೇಲೆ ಅಮ್ಮನಿಗೆ ತಿಂಡಿ ಕೊಟ್ಟು, ಮನೆ ಹಿಂದಿನ ಧರೆ ಹತ್ತಿ, ಹಲಸಿನ ಮರದ ಬುಡಕ್ಕೆ ಹೋದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ, ಅದೂ ಎರಡು ಕಡ್ಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಆ ಕಡೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ಅವಸರ ಮಾಡಲಿಲ್ಲ. ಬುದ್ಧಿ ಹೇಳಲಿಲ್ಲ. ನಾನು ಅತ್ತಾಗ ಸುಮ್ಮನೆ ಕಾದಳು. ಹನ್ನೊಂದು ನಿಮಿಷ ಆಗಿರಬೇಕು. ಮೇಲಿನಿಂದ ಕೆಳಗೆ ನೋಡಿದರೆ ಅಮ್ಮ ಬರಿಗಾಲಲ್ಲಿ ತೋಟದ ಕಾಲುಸಂಕದ ಕಡೆ ಹೊರಟಿದ್ದಳು. ಫೋನ್ ಕಟ್ ಮಾಡದೇ ಓಡಿದೆ. ಆ ಹುಡುಗಿಗೆ ಏನು ಕೇಳಿಸಿತೋ, ಏನು ಅಂದುಕೊಂಡಳೋ.

ನನ್ನ ದೂರು ಇರುವುದೇ ಇಲ್ಲಿ. ಫೋನಿನ ಆ ತುದಿಯಲ್ಲಿ ಜನ ಇದ್ದಾರೆ. ಈ ತುದಿಯಲ್ಲಿ ಅಮ್ಮನ ಹತ್ತಿರ ಕೂರಲು ಯಾರೂ ಇಲ್ಲ. ನನಗೆ ಸಾಂತ್ವನ ಬೇಕಾದರೂ ಅದಕ್ಕೆ ಮೊದಲು ಅರ್ಧ ಗಂಟೆ ಬೇಕು.

ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಮಟ್ಟಕ್ಕೆ ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಒಳ್ಳೆಯ ಕೆಲಸ. ಶಿವಮೊಗ್ಗದವರೆಗೆ ಹೋಗುವುದು ತಪ್ಪುತ್ತದೆ. ಇನ್ನು ನನ್ನ ಅನುಭವ, ಆಸ್ಪತ್ರೆಯ ಹೆಸರು ಬೇಡ. ಅಮ್ಮನನ್ನು ತೋರಿಸಿದ ಮೇಲೆ ನಿಧಾನಕ್ಕೆ ‘ನನಗೂ ನಿದ್ದೆ ಬರುತ್ತಿಲ್ಲ, ಸಿಟ್ಟು ತಡೆಯಲಾಗುತ್ತಿಲ್ಲ’ ಅಂದೆ. ‘ಪೇಷೆಂಟ್ ಯಾರು, ನೀವಾ ಅವರಾ? ನಿಮಗೆ ಬೇಕಾದರೆ ಬೇರೆ ಚೀಟಿ ಮಾಡಿಸಿ, ಬೇರೆ ದಿನ ಬನ್ನಿ’ ಅಂದರು. ಅವರನ್ನು ಬೈಯುವುದಿಲ್ಲ, ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಆದರೆ ಬೇರೆ ದಿನ ಅಂದರೆ ಏನು ಅಂತ ಕೇಳಿ. ನಮ್ಮ ರಸ್ತೆಗೆ ಬರುವುದು ಬೆಳಗ್ಗೆ ಒಂದು, ಸಂಜೆ ಒಂದು ಖಾಸಗಿ ಬಸ್ಸು. ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ, ಹಾಗಾಗಿ ಅಮ್ಮನಿಗೂ ಟಿಕೆಟ್ ತೆಗೆಯಬೇಕು. ಬಸ್ಸಿನಲ್ಲಿ ಅವಳು ಪಕ್ಕದವರ ಚೀಲ ತನ್ನದು ಅನ್ನುತ್ತಾಳೆ. ನನಗಾಗಿ ಬೇರೆ ದಿನ ಬರಬೇಕಾದರೆ ಅಮ್ಮನನ್ನೂ ಕರೆದುಕೊಂಡೇ ಬರಬೇಕು. ನಾನು ಮತ್ತೆ ಹೋಗಲಿಲ್ಲ.

ಕಾನೂನಿನಲ್ಲಿ ನಮ್ಮಂಥವರಿಗೆ ಹೆಸರಿದೆ ಅಂತ ಆಮೇಲೆ ಓದಿಕೊಂಡೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆರೈಕೆದಾರ ಅಂದರೆ ಯಾರು ಅಂತ ಹೇಳುತ್ತದೆ, ಸಂಬಳ ಇಲ್ಲದೆ ನೋಡಿಕೊಳ್ಳುವ ಮನೆಯವರೂ ಅದರಲ್ಲಿ ಬರುತ್ತಾರೆ. ಜಾಸ್ತಿ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡಬಹುದು ಅಂತ ಅದರ 24ನೇ ಕಲಮಿನಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಆರೈಕೆದಾರ ಅನ್ನುವ ಪದಕ್ಕೆ ಅರ್ಥ ಬರೆದಿದ್ದಾರೆ. ಸಂತೋಷ. ಆದರೆ 2016ರ ಕಾಯ್ದೆಯ 21 ಬಗೆಯ ವೈಕಲ್ಯದ ಪಟ್ಟಿಯಲ್ಲಿ ಪಾರ್ಕಿನ್‌ಸನ್ ಇದೆ, ಡಿಮೆನ್ಶಿಯಾ ಅನ್ನುವ ಹೆಸರಿಲ್ಲ. ಇನ್ನು 2007ರ ಹಿರಿಯ ನಾಗರಿಕರ ಕಾಯ್ದೆ. ನೋಡಿಕೊಳ್ಳಬೇಕಾದವರು ಹೆತ್ತವರನ್ನು ಎಲ್ಲಾದರೂ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಿಟ್ಟು ಹೋದವರಿಗೆ ಏನು ಮಾಡಬೇಕು ಅಂತ ಸರಿಯಾಗಿ ಯೋಚಿಸಿದ್ದಾರೆ. ಬಿಡದೆ ಉಳಿದವರ ಬಗ್ಗೆಯೂ ಯಾರಾದರೂ ಒಂದು ಮಧ್ಯಾಹ್ನ ಕೂತು ಯೋಚಿಸಬಹುದಿತ್ತು.

ಪಕ್ಕದ ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ಒಂದು ಯೋಜನೆ ಇದೆ, ತಿಂಗಳಿಗೆ 600 ರೂಪಾಯಿ. ಅಷ್ಟರಲ್ಲಿ ಏನು ಬರುತ್ತದೆ ಅಂತ ನೀವು ನಗಬಹುದು. ಆದರೂ ಅಲ್ಲಿ ಒಂದು ಕಡತದಲ್ಲಿ ರೋಗಿಯ ಹೆಸರಿನ ಪಕ್ಕ ಇನ್ನೊಂದು ಹೆಸರಿದೆ.

ನನಗೆ ದುಡ್ಡಿಗಿಂತ ಹೆಚ್ಚಾಗಿ ಹೊತ್ತು ಬೇಕು. ವಾರಕ್ಕೆ ನಾಲ್ಕು ಗಂಟೆ. ನಂಬಿಕೆಯ ಒಬ್ಬರು ಮನೆಗೆ ಬಂದು ಅಮ್ಮನ ಹತ್ತಿರ ಕೂತು, ‘ಗಾಡಿ ನಾಳೆ ಬರುತ್ತೆ’ ಅನ್ನುವವರು ಸಿಗಬೇಕು. ಆ ನಾಲ್ಕು ಗಂಟೆಯಲ್ಲಿ ಏನು ಮಾಡುತ್ತೀಯ ಅಂತ ಕೇಳಿದರೆ ಪಟ್ಟಿಯೇ ಇದೆ. ಕ್ಷೌರ ಮಾಡಿಸುತ್ತೇನೆ. ಸೊಸೈಟಿಗೆ ಹೋಗುತ್ತೇನೆ. ಹೋಟೆಲಿನಲ್ಲಿ ಕೂತು ಬಿಸಿ ಇರುವಾಗಲೇ ಒಂದು ಕಾಫಿ ಕುಡಿಯುತ್ತೇನೆ. ಹತ್ತಿರದಲ್ಲಿ ಎಲ್ಲಾದರೂ ತಾಳಮದ್ದಳೆ ಇದ್ದರೆ ಒಂದು ಸಂವಾದವಾದರೂ ಕೇಳುತ್ತೇನೆ. ನಾಲ್ಕು ವರ್ಷವಾಯಿತು. ಅಥವಾ ಏನೂ ಬೇಡ, ಹಿನ್ನೀರಿನ ದಡದಲ್ಲಿ ಮಲಗಿ ನಿದ್ದೆ ಮಾಡುತ್ತೇನೆ. ಒಂದು ಕಿವಿ ಎಚ್ಚರ ಇಟ್ಟುಕೊಳ್ಳದೆ ಮಲಗುವುದು ಹೇಗಿರುತ್ತೆ ಅನ್ನುವುದೇ ಮರೆತುಹೋಗಿದೆ.

ಇದು ಆಗದ ಕೆಲಸವೇನಲ್ಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದೀರಿ. ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನಡೆಸುತ್ತಿದ್ದೀರಿ. ಮಗುವಿಗೆ ಸಾಧ್ಯವಾದದ್ದು ಮಗುವಿನಂತಾದವರಿಗೂ ಸಾಧ್ಯ ಇದೆ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘಗಳಲ್ಲಿ ಎಷ್ಟೋ ಜನ ಚುರುಕಾದ ಹೆಂಗಸರಿದ್ದಾರೆ. ಪಂಚಾಯಿತಿಗೆ ಇಬ್ಬರನ್ನು ಆರಿಸಿ. ಮಗ್ಗುಲು ಬದಲಿಸುವುದು, ಊಟ ಗಂಟಲಲ್ಲಿ ಸಿಕ್ಕದ ಹಾಗೆ ಕೊಡುವುದು, ಮರೆವಿನವರ ಜೊತೆ ವಾದ ಮಾಡದೆ ಮಾತಾಡುವುದು, ಇಷ್ಟನ್ನು ಕಲಿಸಿ. ಲೆಕ್ಕವನ್ನೂ ನಾನೇ ಹಾಕಿದ್ದೇನೆ. 2025–26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅರ್ಧ ದಿನಕ್ಕೆ 185. ತಿಂಗಳಿಗೆ ನಾಲ್ಕು ಸಲ ಅಂದರೆ ಒಂದು ಮನೆಗೆ 740 ರೂಪಾಯಿ. ಶಕ್ತಿ ಇದ್ದವರು ಅರ್ಧ ನಾವೇ ಕೊಡುತ್ತೇವೆ. ನಾನು ಪೂರ್ತಿ ಕೊಡಲೂ ತಯಾರು. ಆದರೆ ಕೊಡುತ್ತೇನೆ ಅಂದರೂ ಬರುವವರಿಲ್ಲ, ಯಾಕೆಂದರೆ ಇದು ಒಂದು ಕೆಲಸ ಅಂತ ನಮ್ಮ ಊರಿನಲ್ಲಿ ಯಾರೂ ಇನ್ನೂ ಒಪ್ಪಿಲ್ಲ. ಕಾಯಿಲೆಯವರ ಮನೆಗೆ ಹೋಗುವುದು ಅಂದರೆ ಕಸಮುಸುರೆಗೆ ಹೋಗುವುದು ಅಂದುಕೊಂಡಿದ್ದಾರೆ. ನೀವು ಒಂದು ಗುರುತಿನ ಚೀಟಿ ಕೊಟ್ಟು ಕಳಿಸಿದರೆ ಆ ಕೆಲಸಕ್ಕೆ ಮರ್ಯಾದೆ ತಾನಾಗಿ ಬರುತ್ತದೆ. ಪಂಚಾಯಿತಿಗಳು ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು ಅಂತ ನಿಯಮ ಇದೆಯಲ್ಲ, ಲಕ್ವ ಹೊಡೆದವರ ಮನೆಗಾದರೂ ಅದರಿಂದಲೇ ಶುರು ಮಾಡಬಹುದು. ಪಂಚಾಯಿತಿಯ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಿಗೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಗೊತ್ತೇ ಇರುತ್ತದೆ. ಎಲ್ಲಾ ಏಳು ತಾಲ್ಲೂಕಿಗೆ ಒಮ್ಮೆಲೇ ಬೇಡ. ತಾಲ್ಲೂಕಿಗೆ ಒಂದು ಪಂಚಾಯಿತಿ, ಒಂದು ಕೊಯ್ಲಿನ ಕಾಲ, ಅಷ್ಟು ನೋಡಿ.

ಆಶಾ ಕಾರ್ಯಕರ್ತೆಯರ ವಿಷಯ ಒಂದಿದೆ. 30 ದಾಟಿದವರಿಗೆಲ್ಲ ಸಕ್ಕರೆ ಕಾಯಿಲೆ, ಬಿಪಿ ತಪಾಸಣೆಗಾಗಿ ಅವರು ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಆಗಲೇ ಇವೆ: ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯಾ, ಮನಸ್ಸು ಕುಗ್ಗಿದೆಯಾ ಅಂತ. ನಮ್ಮಲ್ಲಿಗೂ ಬಂದಿದ್ದರು. ಪಾಪ, ಗುಡ್ಡ ಹತ್ತಿ ಇಳಿದು ಸುಸ್ತಾಗಿದ್ದರು. ಜಗಲಿಯಲ್ಲಿ ಅಮ್ಮನ ಪಕ್ಕದಲ್ಲಿ ಕೂತೇ ಕೇಳಿದರು. ಅಮ್ಮ ನನ್ನ ಮುಖ ನೋಡುತ್ತಿದ್ದಳು. ನಾನು ಎರಡಕ್ಕೂ ‘ಇಲ್ಲ’ ಅಂದೆ. ಮಜ್ಜಿಗೆ ಕುಡಿದು ಹೋದರು. ಆ ಫಾರಂ ಇವತ್ತಿಗೂ ಎಲ್ಲೋ ಇರುತ್ತದೆ, ನಾನು ಆರಾಮಾಗಿದ್ದೇನೆ ಅಂತ. ದಯವಿಟ್ಟು ಅವರಿಗೆ ಒಂದು ಸೂಚನೆ ಕೊಡಿ. ಹಾಸಿಗೆ ಹಿಡಿದವರು, ಮರೆವಿನವರು ಇರುವ ಮನೆಯಲ್ಲಿ ಆ ಎರಡು ಪ್ರಶ್ನೆಯನ್ನು ಅಂಗಳಕ್ಕೆ ಕರೆದು ಕೇಳಲಿ. ಉತ್ತರ ಬೇರೆಯಾಗುತ್ತದೆ. ಹಾಗೆಯೇ ಮಂಗಳವಾರದ ದಿನ ರೋಗಿಯ ಚೀಟಿಯಲ್ಲೇ ಜೊತೆಗೆ ಬಂದವರ ಹೆಸರು ಬರೆದು, ಅವರ ಬಿಪಿ ನೋಡಿ, ಐದು ನಿಮಿಷ ಮಾತಾಡಿಸುವ ಹಾಗೆ ಆದರೆ ಬೇರೆ ದಿನ, ಬೇರೆ ಬಸ್ಸು ತಪ್ಪುತ್ತದೆ. ಆರೈಕೆ ಮಾಡುವವರ ಭಾರ ಎಷ್ಟು ಅಂತ ಅಳೆಯಲು 22 ಪ್ರಶ್ನೆಯ ಜರಿಟ್ ಪಟ್ಟಿ ಅಂತ ಒಂದು 1980ರ ದಶಕದಿಂದಲೇ ಇದೆ, ಡಾಕ್ಟರುಗಳಿಗೆ ಗೊತ್ತಿರುವುದೇ. ಅದರಲ್ಲಿ ‘ನಿಮ್ಮವರ ಹತ್ತಿರ ಇರುವಾಗ ಸಿಟ್ಟು ಬರುತ್ತದೆಯಾ’ ಅನ್ನುವ ಪ್ರಶ್ನೆಯೂ ಇದೆ. ಓದಿದಾಗ ಎದೆ ಹಗುರಾಯಿತು. ಸಿಟ್ಟು ಬರುವುದು ನನಗೊಬ್ಬನಿಗೇ ಆಗಿದ್ದರೆ ಯಾರೋ ದೂರದೇಶದವರು ಅದನ್ನು ಅಚ್ಚು ಹಾಕಿಸುತ್ತಿರಲಿಲ್ಲ.

ತಿಂಗಳಿಗೊಮ್ಮೆ ಆರೈಕೆದಾರರ ಸಭೆ ಮಾಡೋಣ ಅಂತ ಯಾರಾದರೂ ಸಲಹೆ ಕೊಡಬಹುದು. ಬೇಡ ಅನ್ನುವುದಿಲ್ಲ. ಆದರೆ ಅಮ್ಮನ ಹತ್ತಿರ ಕೂರಲು ಜನ ಕೊಟ್ಟ ಮೇಲೆ ಸಭೆ ಕರೆಯಿರಿ. ಮೊದಲೇ ಕರೆದರೆ ಬ್ಯಾನರು, ಮೈಕು, ಶಾಲು ಹಾರ ಎಲ್ಲ ಬರುತ್ತವೆ. ನಾವು ಬರುವುದಿಲ್ಲ.

ಇನ್ನೊಂದು. ನನಗೇ ಜ್ವರ ಬಂದರೆ? ಹೋದ ಮಳೆಗಾಲ ಬಂದಿತ್ತು. ಮೂರು ದಿನ ಅಮ್ಮನೂ ನಾನೂ ಗಂಜಿ. ತಾಲ್ಲೂಕಿಗೆ ಒಂದೆರಡು ಹಾಸಿಗೆ, ನೋಡಿಕೊಳ್ಳುವವರು ಬಿದ್ದಾಗ ಅವರ ಮನೆಯ ಕಾಯಿಲೆಯವರನ್ನು ನಾಲ್ಕು ದಿನ ಇಟ್ಟುಕೊಳ್ಳಲು. ಅಷ್ಟು ಸಾಕು.

ಇನ್ನು ಎರಡು ಮಾತು ನೆಂಟರಿಷ್ಟರಿಗೆ, ಸಾಹೇಬರ ಕ್ಷಮೆ ಕೇಳಿ. ನೀವು ಬಂದಾಗ ‘ನಾನು ಯಾರು ಹೇಳು’ ಅಂತ ಅಮ್ಮನನ್ನು ಕೇಳಬೇಡಿ. ಗೊತ್ತಿಲ್ಲದಿದ್ದಾಗ ಅವಳಿಗೆ ಅವಮಾನ ಆಗುತ್ತದೆ. ಸಂಜೆ ಅದು ಸಿಟ್ಟಾಗಿ ನನ್ನ ಪಾಲಿಗೆ ಬರುತ್ತದೆ. ಒಂದೆಲಗದ ತಂಬುಳಿ ಮಾಡಿಕೊಡು ಅಂತ ಹೇಳಬೇಡಿ. ನಮ್ಮ ಗದ್ದೆ ಬದುವಿನ ಒಂದೆಲಗ ಅಷ್ಟೂ ಮುಗಿದಿದೆ. ಅಮ್ಮನ ಜೊತೆ ನಾನೂ ದಿನಾ ಉಂಡಿದ್ದೇನೆ. ಅವಳಿಗೆ ಏನೂ ಆಗಲಿಲ್ಲ, ನನ್ನ ಜ್ಞಾಪಕಶಕ್ತಿ ಮಾತ್ರ ಜಾಸ್ತಿಯಾಗಿದೆ. ಯಾರು ಯಾವಾಗ ಏನೆಂದರು ಅಂತ ಒಂದೂ ಮರೆಯುವುದಿಲ್ಲ. ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿ ‘ಅಮ್ಮ ಬಡವಾಗಿದ್ದಾಳೆ, ಸರಿಯಾಗಿ ಊಟ ಹಾಕ್ತೀಯೋ ಇಲ್ವೋ’ ಅನ್ನಬೇಡಿ. ತಂಗಿ ಒಳ್ಳೆಯವಳು, ದುಡ್ಡು ಕಳಿಸುತ್ತಾಳೆ. ಆದರೆ ವರ್ಷಕ್ಕೆ ಹತ್ತು ದಿನ ಬಂದು ಇದ್ದರೆ ಆ ದುಡ್ಡಿನ ಹತ್ತರಷ್ಟು. ಅವಳು ಬಂದ ದಿನ ನಾನು ಊರಿನಲ್ಲಿ ಇರುವುದಿಲ್ಲ ಅಂತ ಈಗಲೇ ಹೇಳಿದ್ದೇನೆ, ನಗುತ್ತಾಳೆ, ತಮಾಷೆ ಅಂದುಕೊಂಡಿದ್ದಾಳೆ.

ಮಾನ್ಯರೇ, ಆ ರಾತ್ರಿಯ ವಿಷಯ ಬರೆದಿದ್ದಕ್ಕೆ ನನ್ನ ಮೇಲೆ ಕ್ರಮ ಜರುಗಿಸಬೇಕು ಅನ್ನಿಸಿದರೆ ಜರುಗಿಸಿ. ವಿಚಾರಣೆಗೆ ಕರೆದರೆ ಬರುತ್ತೇನೆ. ಆದರೆ ಬರುವ ದಿನ ಅಮ್ಮನ ಹತ್ತಿರ ಕೂರಲು ಒಬ್ಬರನ್ನು ಕಳಿಸಿ.

ಉತ್ತರ ಕೊಡುವುದಾದರೆ ಅಂಚೆಯಲ್ಲಿ ಕೊಡಿ. ಫೋನ್ ಸಿಗುವುದು ಹಲಸಿನ ಮರದ ಹತ್ತಿರ ಮಾತ್ರ. ಸಂಜೆ ಆರರ ಮೇಲಂತೂ ಬೇಡವೇ ಬೇಡ, ನಾನು ಉಣಗೋಲಿನ ಹತ್ತಿರ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶರಾವತಿ ಹಿನ್ನೀರಿನ ಕಡೆಯ ಒಬ್ಬ ಅಡಿಕೆ ಬೆಳೆಗಾರ